ಗೊಬ್ಬರ ಹಾಕಿದ ಮೇಲೆ ಟೊಮೆಟೊ ಚಿಗುರು ಮುರುಟುತ್ತಿದೆ, ಏನು ಮಾಡಲಿ?

ಪ್ರಶ್ನೆ: ಹೊರಗಿನಿಂದ ಕೊಟ್ಟಿಗೆ ಗೊಬ್ಬರ ತರಿಸಿ, ಪಾತಿಗೆ ಬೆರೆಸಿ ಟೊಮೆಟೊ, ಬೀನ್ಸ್ ಹಾಕಿದ್ದೆ. ಹೊಸ ಚಿಗುರೆಲ್ಲ ಸುರುಳಿ ಸುತ್ತಿ ಸೊಟ್ಟಗೆ ಬರುತ್ತಿದೆ. ಅದೇ ಪಾತಿಯ ಮೆಕ್ಕೆಜೋಳ ಮಾತ್ರ ಚೆನ್ನಾಗಿದೆ. ಗೊಬ್ಬರದಲ್ಲಿ ಕಳೆನಾಶಕ ಇರಬಹುದು ಅಂತಾರೆ. ದನ ತಿಂದು ಸಗಣಿಯಾದ ಮೇಲೂ ಅದು ಉಳಿಯುತ್ತಾ?

ಉತ್ತರ: ಉಳಿಯುತ್ತದೆ. ಎಲ್ಲ ಕಳೆನಾಶಕವೂ ಅಲ್ಲ, ಅಮಿನೊಪೈರಾಲಿಡ್, ಕ್ಲೋಪೈರಾಲಿಡ್, ಪಿಕ್ಲೋರಾಮ್ ಜಾತಿಯವು. ಹುಲ್ಲುಗಾವಲಿನಲ್ಲಿ ಅಗಲ ಎಲೆಯ ಕಳೆ ಸಾಯಲಿ, ಹುಲ್ಲು ಉಳಿಯಲಿ ಅಂತ ಹೊಡೆಯುವ ಔಷಧಿ ಇವು. ಹುಲ್ಲಿನ ಜೊತೆ ದನದ ಹೊಟ್ಟೆಗೆ ಹೋಗಿ ಹಾಗೇ ಹೊರಗೆ ಬರುತ್ತವೆ. ಜೋಳವೂ ಹುಲ್ಲಿನ ಜಾತಿಯೇ ಅಲ್ವಾ, ಅದಕ್ಕೇ ಅದು ಬಚಾವಾಗಿದೆ. ಬ್ರಿಟನ್ನಿನಲ್ಲಿ ಇದೇ ತೊಂದರೆ ಎಷ್ಟೋ ತೋಟಗಳಲ್ಲಿ ಕಂಡು, 2008ರಲ್ಲಿ ಅಮಿನೊಪೈರಾಲಿಡ್ ಮಾರಾಟವನ್ನೇ ಕೆಲಕಾಲ ನಿಲ್ಲಿಸಿದ್ದರು. ಮಾರಿದವರನ್ನು ಬೈದು ಪ್ರಯೋಜನ ಕಡಿಮೆ. ಮೇವು ಬೇರೆ ಕಡೆಯಿಂದ ಬಂದಿದ್ದರೆ ಅವರಿಗೂ ಗೊತ್ತಿರುವುದಿಲ್ಲ.

ಮತ್ತೊಬ್ಬರು: ಸುಮ್ನೆ ಎಲ್ಲ ಕೀಳಬೇಡಿ, ಮೊದಲು ಖಚಿತ ಮಾಡಿಕೊಳ್ಳಿ. ಬಿಳಿನೊಣದಿಂದ ಬರುವ ಎಲೆ ಮುದುಡು ರೋಗವೂ ದೂರಕ್ಕೆ ಹೀಗೇ ಕಾಣುತ್ತದೆ. ರೋಗವಾದರೆ ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಶುರುವಾಗುತ್ತದೆ, ಎಲೆ ಹಳದಿಯಾಗುತ್ತದೆ. ಗೊಬ್ಬರದ್ದಾದರೆ ಟೊಮೆಟೊ, ಬೀನ್ಸ್ ಎರಡೂ ಒಟ್ಟಿಗೇ ಕೆಡುತ್ತವೆ, ಗೊಬ್ಬರ ಜಾಸ್ತಿ ಬಿದ್ದ ಕಡೆ ಜಾಸ್ತಿ. ಪಕ್ಕದಲ್ಲಿ ಯಾರಾದರೂ ಕಳೆಗೆ ಔಷಧಿ ಹೊಡೆದು ಗಾಳಿಯಲ್ಲಿ ಬಂತಾ, ಅದನ್ನೂ ವಿಚಾರಿಸಿ.

ನಾನು ಯಾವ ಹೊಸ ಗೊಬ್ಬರ ಬಂದರೂ ಬೀನ್ಸ್ ಹಾಕಿ ನೋಡುತ್ತೇನೆ. ಕೆಲವು ಕುಂಡಕ್ಕೆ ಒಳ್ಳೆ ಮಣ್ಣು ಮಾತ್ರ, ಕೆಲವಕ್ಕೆ ಅದೇ ಮಣ್ಣು, ಗೊಬ್ಬರ ಅರ್ಧರ್ಧ. ರಾಶಿಯ ಬೇರೆ ಬೇರೆ ಜಾಗದಿಂದ, ಆಳದಿಂದಲೂ ಗೊಬ್ಬರ ತೆಗೆಯಬೇಕು. ಒಂದರ ನೀರು ಇನ್ನೊಂದಕ್ಕೆ ಹೋಗದ ಹಾಗೆ ತಟ್ಟೆ ಬೇರೆ ಬೇರೆ ಇಡಿ. ಮೊಳಕೆಯ ಬೀಜದಳ ಬಿಟ್ಟು, ಆಮೇಲೆ ಬರುವ ನಿಜ ಎಲೆ ಮೂರು ನಾಲ್ಕು ಆಗುವವರೆಗೆ ಕಾಯಿರಿ. ಮೊಳಕೆ ಚೆನ್ನಾಗಿ ಬಂತು ಅಂತ ಅಲ್ಲಿಗೇ ಬಿಟ್ಟರೆ ಮೋಸ. ಗೊಬ್ಬರದ ಕುಂಡದಲ್ಲಿ ಮಾತ್ರ ಎಲೆ ಬಟ್ಟಲಿನಂತೆ ಮಡಚಿದರೆ ಅನುಮಾನವೇ ಬೇಡ.

ಇನ್ನೊಬ್ಬರು: ಗೊಬ್ಬರವನ್ನು ರಾಶಿ ಹಾಕಿಟ್ಟು ಹಳೆಯದಾದರೆ ಸರಿಹೋಗುತ್ತೆ ಅಂತ ಕಾಯಬೇಡಿ. ಈ ವಿಷವನ್ನು ಒಡೆಯುವುದು ಮಣ್ಣಿನ ಸೂಕ್ಷ್ಮಜೀವಿಗಳು. ಅವಕ್ಕೆ ಗಾಳಿ, ತೇವ, ಬೆಚ್ಚಗಿನ ಹವೆ ಬೇಕು. ಗಾಳಿಯಾಡದ ರಾಶಿಯಲ್ಲಿ ವರ್ಷಗಟ್ಟಲೆ ಉಳಿಯಬಹುದು. ಮೇಲೆ ಕಾಣುವ ಗೊಬ್ಬರವನ್ನು ಆದಷ್ಟು ಕೆರೆದು ತೆಗೆಯಿರಿ. ಉಳಿದದ್ದನ್ನು ಮಣ್ಣಿಗೆ ಚೆನ್ನಾಗಿ ಬೆರೆಸಿ, ಆಗಾಗ ಅಗೆದು ಮಗುಚಿ, ಒಣಗಲು ಬಿಡಬೇಡಿ. ಅಲ್ಲಿಯವರೆಗೆ ಜೋಳ ಬೆಳೆಯಿರಿ. ಟೊಮೆಟೊ, ಬೀನ್ಸ್, ಬಟಾಣಿ, ಆಲೂಗಡ್ಡೆ ಮಾತ್ರ ಬೇಡ. ಸಕ್ರಿಯ ಇದ್ದಿಲು ವಿಷವನ್ನು ಹಿಡಿದಿಡುತ್ತದೆ ನಿಜ, ಆದರೆ ಒಂದೆರಡು ಪಾತಿಗಿಂತ ಜಾಸ್ತಿ ಇದ್ದರೆ ನನಗಂತೂ ಅದು ದುಡ್ಡು ದಂಡ.

ಪ್ರಶ್ನೆ ಕೇಳಿದವರು: ಧನ್ಯವಾದ. ಕೆಟ್ಟ ಗಿಡ ಕಿತ್ತು ಕಾಂಪೋಸ್ಟ್ ಗುಂಡಿಗೆ ಹಾಕಬಹುದಾ?

ಉತ್ತರ: ಬೇಡವೇ ಬೇಡ, ಗುಂಡಿಯೆಲ್ಲ ಕೆಡುತ್ತದೆ. ಗಿಡದೊಳಗೂ ಅದೇ ವಿಷ ಇರುತ್ತದೆ. ಕತ್ತರಿಸಿ ಅದೇ ಪಾತಿಯ ಮಣ್ಣಿಗೇ ಸೇರಿಸಿ. ಅಲ್ಲಿ ಬೆಳೆದ ಜೋಳದ ದಂಟನ್ನೂ ಬೇರೆ ಪಾತಿಗೆ ಹೊದಿಕೆಯಾಗಿ ಹಾಕಬೇಡಿ. ಮತ್ತೆ ಟೊಮೆಟೊ ಹಾಕುವ ಮೊದಲು ಆ ಪಾತಿಯ ಮಣ್ಣಿನಲ್ಲೂ ಬೀನ್ಸ್ ಹಾಕಿ ನೋಡಿ.