ದೂರದ ಕೊಳವೆಬಾವಿಗೆ ಎಷ್ಟು ದಪ್ಪದ ಕೇಬಲ್ ಬೇಕು?

ಪ್ರಶ್ನೆ: ಅಡಿಕೆ ಬೆಳೆಗಾರ, ಹೊಳಲ್ಕೆರೆ
ಹಳೆಯ ಬೋರ್ ಬತ್ತಿದ ಮೇಲೆ ತೋಟದ ಆಚೆ ತುದಿಯಲ್ಲಿ ಹೊಸದು ಕೊರೆಸಿದ್ದೇವೆ. ಸ್ಟಾರ್ಟರ್ ರಸ್ತೆ ಬದಿಯಲ್ಲೇ ಇದೆ. ಅಲ್ಲಿಂದ ಬಾವಿಗೆ 250 ಮೀಟರ್, ಪಂಪ್ ಇಳಿಸಿರುವುದು 500 ಅಡಿಗೆ. ಮೋಟಾರ್ 5 ಎಚ್‌ಪಿ, ತ್ರೀಫೇಸ್. ಹಳೆಯ 2.5 ಸ್ಕ್ವೇರ್ (ಚದರ ಮಿ.ಮೀ.) ತಾಮ್ರದ ಕೇಬಲ್ಲಿಗೇ ಅದೇ ಅಳತೆಯ ತುಂಡು ಸೇರಿಸಿ ಎಳೆದೆವು. ಸ್ಟಾರ್ಟರ್‌ನಲ್ಲಿ 400 ವೋಲ್ಟ್ ಇದೆ; ನೀರು ಮಾತ್ರ ಕಡಿಮೆ, ಆಂಪ್ಸ್ ಮಿತಿಮೀರಿದರೆ ಮೋಟಾರ್ ನಿಲ್ಲಿಸುವ ರಿಲೇ ಪದೇ ಪದೇ ಟ್ರಿಪ್ ಆಗುತ್ತದೆ. ‘4 ಸ್ಕ್ವೇರ್ ಅಲ್ಯೂಮಿನಿಯಂ ಹಾಕಿ, ದಪ್ಪವೂ ಹೌದು, ಅಗ್ಗವೂ ಹೌದು’ ಎನ್ನುತ್ತಾರೆ ಅಂಗಡಿಯವರು. ಹಾಕಬಹುದೇ?

ಉತ್ತರ: ಭೌತವಿಜ್ಞಾನ ಉಪನ್ಯಾಸಕ, ಚಿತ್ರದುರ್ಗ
ತಂತಿಯ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ಅಡ್ಡಿ, ಉದ್ದದೊಂದಿಗೆ ಏರುತ್ತದೆ, ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚಿದಷ್ಟೂ ಇಳಿಯುತ್ತದೆ. ವ್ಯಾಸ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಮಡಿ, ರೋಧ ಕಾಲುಭಾಗ. ಉಳಿದದ್ದು ಲೋಹದ ಗುಣ: ಅಲ್ಯೂಮಿನಿಯಂನ ರೋಧಶೀಲತೆ ತಾಮ್ರದ 1.6 ಪಟ್ಟು.

ಉತ್ತರ: ಮೋಟಾರ್ ರೀವೈಂಡಿಂಗ್, ದಾವಣಗೆರೆ
ಮೇಷ್ಟ್ರು ಹೇಳಿದ್ದನ್ನು ನಿಮ್ಮ ಬಾವಿಗೆ ಇಳಿಸುತ್ತೇನೆ, ಯಜಮಾನರೇ. 2.5 ತಾಮ್ರಕ್ಕೆ ರೋಧ ಕಿಲೋಮೀಟರಿಗೆ 7.41 ಓಮ್. 4 ಅಲ್ಯೂಮಿನಿಯಂಗೆ? ಅದಕ್ಕೂ 7.41. ದುಡ್ಡು ಸುರಿದು ಇದ್ದಲ್ಲೇ ನಿಲ್ಲುತ್ತೀರಿ.

ಮೇಲೆ 250 ಮೀಟರ್, ಬಾವಿಯೊಳಗೆ 500 ಅಡಿ ಅಂದರೆ ಸುಮಾರು 150; ಈ 400 ಮೀಟರಿಗೆ ಕೇಬಲ್ಲಿನ ಒಂದೊಂದು ಕೋರ್‌ನಲ್ಲಿ (ಒಳಗಿನ ತಂತಿಯಲ್ಲಿ) ಸುಮಾರು 3 ಓಮ್. ಮೋಟಾರ್ 9 ಆಂಪ್ಸ್ ತೆಗೆದುಕೊಂಡರೆ ತ್ರೀಫೇಸ್ ಲೆಕ್ಕದಲ್ಲಿ ಹತ್ತಿರ ಹತ್ತಿರ 40 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಮೇಲೆ 400, ಕೆಳಗೆ 360. ವೋಲ್ಟೇಜ್ ಶೇ. 10 ಇಳಿದರೆ ಮೋಟಾರಿನ ತಿರುಗಿಸುವ ಬಲ ಶೇ. 19 ಇಳಿಯುತ್ತದೆ, ಆ ಕೊರತೆ ತುಂಬಲು ಅದು ಹೆಚ್ಚು ಆಂಪ್ಸ್ ಎಳೆಯುತ್ತದೆ, ರಿಲೇ ಬೀಳುತ್ತದೆ. ದಯವಿಟ್ಟು ರಿಲೇ ಸೆಟ್ಟಿಂಗ್ ಏರಿಸಬೇಡಿ. ಹಾಗೆ ಏರಿಸಿದವರ ಮೋಟಾರುಗಳಿಂದಲೇ ನನ್ನ ಅಂಗಡಿ ನಡೆಯುತ್ತಿದೆ.

ಪೂರ್ತಿ 6 ಸ್ಕ್ವೇರ್ ತಾಮ್ರ ಹಾಕಿದರೆ ನಷ್ಟ 16–17 ವೋಲ್ಟಿಗೆ ಇಳಿಯುತ್ತದೆ. ದುಬಾರಿ ಎನಿಸಿದರೆ ಬಾವಿಯೊಳಗೆ ಮಾತ್ರ 6 ತಾಮ್ರದ ಫ್ಲಾಟ್ ಕೇಬಲ್ ಬಿಟ್ಟು, ಮೇಲಿನ 250 ಮೀಟರಿಗೆ 10 ಸ್ಕ್ವೇರ್ ಅಲ್ಯೂಮಿನಿಯಂ ಎಳೆಯಿರಿ; ಎರಡಕ್ಕೂ ಕಿಲೋಮೀಟರಿಗೆ 3.08 ಓಮ್. ಎರಡು ಲೋಹ ಸೇರುವಲ್ಲಿ ಬೈಮೆಟಲ್ ಲಗ್ (ತಾಮ್ರ–ಅಲ್ಯೂಮಿನಿಯಂ ಜೋಡಿಸುವ ತುಂಡು) ಬೇಕೇ ಬೇಕು. ಹೊಸೆದು ಟೇಪ್ ಸುತ್ತಿದರೆ ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಕಟ್ಟಿ, ಜಾಯಿಂಟ್ ಸಡಿಲವಾಗಿ ಸುಡುತ್ತದೆ.

ಈ ಲೆಕ್ಕವೆಲ್ಲ 20 ಡಿಗ್ರಿಯದು. ದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಬಿದ್ದ ಕೇಬಲ್ 50 ಡಿಗ್ರಿಗೆ ಏರಿತೆನ್ನಿ, ರೋಧ ಇನ್ನೂ ಶೇ. 12ರಷ್ಟು ಹೆಚ್ಚುತ್ತದೆ. ಹೂತುಬಿಡಿ.

ಅಡಿಕೆ ಬೆಳೆಗಾರ, ಹೊಳಲ್ಕೆರೆ
ದಪ್ಪ ತಂತಿ ಹೆಚ್ಚು ಕರೆಂಟ್ ಎಳೆಯುತ್ತದೆ ಎಂದು ಪಕ್ಕದ ತೋಟದವರು ಹೆದರಿಸುತ್ತಿದ್ದಾರೆ. ಅಗ್ಗದ ‘ತಾಮ್ರದ’ ಕೇಬಲ್ ಒಂದನ್ನೂ ತೋರಿಸಿದರು.

ಉತ್ತರ: ಮೋಟಾರ್ ರೀವೈಂಡಿಂಗ್, ದಾವಣಗೆರೆ
ಕರೆಂಟ್ ಎಳೆಯುವುದು ಮೋಟಾರ್, ತಂತಿಯಲ್ಲ. ಈಗಿನ ಕೇಬಲ್ 700 ವ್ಯಾಟ್‌ಗೂ ಹೆಚ್ಚನ್ನು ಬರೀ ಶಾಖವಾಗಿ ಕಳೆಯುತ್ತಿದೆ. 6 ಸ್ಕ್ವೇರ್ ಹಾಕಿದರೆ ಅದು 300ರ ಆಸುಪಾಸಿಗೆ ಬರುತ್ತದೆ. ಪಂಪ್‌ಸೆಟ್ಟಿಗೆ ಬಿಲ್ ಇಲ್ಲವಲ್ಲ, ಅದಕ್ಕೇ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಅಗ್ಗದ ತಾಮ್ರದ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಸುರುಳಿ ಎತ್ತಿದಾಗಲೇ ಹಗುರ ಎನಿಸುತ್ತದೆ. ಹೊಸ ಕೇಬಲ್ ಹಾಕಿದ ಮೇಲೆ ಮೂರೂ ಫೇಸಿನ ಆಂಪ್ಸ್ ಟಾಂಗ್ ಟೆಸ್ಟರ್‌ನಲ್ಲಿ (ತಂತಿಯನ್ನು ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ನೋಡಿ ಇಲ್ಲಿ ಬರೆಯಿರಿ. ರಿಲೇ ಎಷ್ಟಕ್ಕೆ ಇಡಬೇಕೆಂದು ಆಗ ಹೇಳುತ್ತೇನೆ.