ಸಹಾಯ ಬೇಕು: ಮೊದಲ ಸಲ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ ಕ್ವಾಡ್ ಬೈಕ್ ತಗೊಳ್ತಿದೀನಿ

ಎಲ್ಲರಿಗೂ ನಮಸ್ಕಾರ. ಶಾರ್ಜಾದಲ್ಲಿದೀನಿ. ಚಳಿಗಾಲಕ್ಕೆ ಇಲ್ಲಿನ ಬದಾಯರ್ ಮರಳುಗಾಡಲ್ಲಿ ಓಡಿಸೋಕೆ ಹಳೇ ಸ್ಪೋರ್ಟ್ ಕ್ವಾಡ್ (ನಾಲ್ಕು ಚಕ್ರದ ಬೈಕ್) ಹುಡುಕ್ತಿದೀನಿ. ಊರಲ್ಲಿ ಬುಲೆಟ್ ಓಡಿಸಿ ಗೊತ್ತು, ಹೆಬ್ಬೆರಳಲ್ಲಿ ಆಕ್ಸಿಲರೇಟರ್ ಒತ್ತೋ ಗಾಡಿ ಮಾತ್ರ ಹೊಸದು.

ಇಲ್ಲಿ ಕೇಳಿದೋರೆಲ್ಲ ಯಮಾಹಾ ರ್‍ಯಾಪ್ಟರ್ 700 ಅಂತಾರೆ. 686 ಸಿಸಿ! ಹೊಸಬನಿಗೆ ಅದು ಅತಿಯಾಯ್ತು ಅನ್ನಿಸ್ತಿದೆ. ನನ್ನ ಮನಸ್ಸು ಹೋಂಡಾ ಟಿಆರ್‌ಎಕ್ಸ್ 400 ಇಎಕ್ಸ್ ಕಡೆ. ಏರ್ ಕೂಲ್ಡ್, ರೇಡಿಯೇಟರ್ ತಲೆನೋವಿಲ್ಲ. ಆದ್ರೆ 2005ಕ್ಕಿಂತ ಹಳೇ ಮಾಡೆಲ್‌ಗೆ ರಿವರ್ಸ್ ಇಲ್ಲ, ಹೂತುಹೋದ್ರೆ ಇಳಿದು ಎಳೀಬೇಕು.

ನಿನ್ನೆ ಒಂದು ನೋಡ್ದೆ. ನಾನು ಹೋಗೋಷ್ಟರಲ್ಲೇ ಮಾರೋನು ಎಂಜಿನ್ ಬಿಸಿ ಮಾಡಿಟ್ಟಿದ್ದ, ತಣ್ಣಗಿದ್ದಾಗ ಸ್ಟಾರ್ಟ್ ಆಗಲ್ವೇನೋ ಅಂತ ಅಲ್ಲೇ ಅನುಮಾನ ಬಂತು. ಏರ್ ಬಾಕ್ಸ್ (ಏರ್ ಫಿಲ್ಟರ್ ಇರೋ ಡಬ್ಬಿ) ತೆಗೆಸಿದ್ರೆ ಫಿಲ್ಟರ್ ದಾಟಿ ಕಾರ್ಬ್ಯುರೇಟರ್ ಬಾಯಿ ಹತ್ರ ಹಿಟ್ಟಿನಂಥ ಮರಳು. ಹಿಂದಿನ ಚಕ್ರ ಹಿಡಿದು ಅಲ್ಲಾಡಿಸಿದ್ರೆ ಆಕ್ಸಲ್ ಲೊಟಲೊಟ. "ಅದೆಲ್ಲ ಮಾಮೂಲಿ ಭಾಯ್" ಅಂದ.

ಬೇರಿಂಗ್ ಹಾಕಿಸ್ಬಹುದು ಬಿಡಿ. ಮರಳು ಕುಡಿದ ಎಂಜಿನ್‌ದೇ ಭಯ. ಪಿಸ್ಟನ್ ರಿಂಗ್ ಸವೆದಿರುತ್ತೆ ಅಲ್ವಾ? ಕಂಪ್ರೆಶನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡದ ಪರೀಕ್ಷೆ) ಮಾಡಿಸಿ ಚೌಕಾಸಿಗಿಳೀಲಾ, ಇಲ್ಲಾ ಆಸೆ ಬಿಟ್ಟು ಬೇರೆ ನೋಡ್ಲಾ? ಫ್ರೇಮ್‌ನಲ್ಲಿ ವೆಲ್ಡಿಂಗ್ ಬಿರುಕು ಎಲ್ಲೆಲ್ಲಿ ನೋಡ್ಬೇಕು? ಈ ಸೆಕೆಗೆ ಏರ್ ಕೂಲ್ಡ್ ತಡ್ಕೊಳ್ಳುತ್ತಾ?

ಇಲ್ಲಿ ಓಡಿಸಿದ ಅಣ್ಣಂದಿರು ಹೇಳಿ. ವಾರಾಂತ್ಯಕ್ಕೆ ಜೊತೆಗೆ ಬಂದು ಗಾಡಿ ನೋಡೋರಿದ್ರೆ ಬಿರಿಯಾನಿ ನನ್ನ ಲೆಕ್ಕ.