ವಾಟರ್ ಸ್ಕೂಟರಿನ ಸುರಕ್ಷತಾ ಚೀಟಿಗೆ ಕೆಲವು ಪದ ಬೇಕಿತ್ತು

ಗೆಳೆಯರೇ,

ಗೋವಾದ ವಾಸ್ಕೋದಿಂದ ಬರೆಯುತ್ತಿದ್ದೇನೆ. ಕಲಂಗುಟ್, ಬಾಗಾ ಕಡೆ ಜೆಟ್ ಸ್ಕೀ ಹತ್ತಲು ಬೆಳಗಾವಿ, ಹುಬ್ಬಳ್ಳಿಯಿಂದ ಬಹಳ ಜನ ಬರುತ್ತಾರೆ. ಅವರಿಗಾಗಿ ಒಂದು ಪುಟದ ಕನ್ನಡ ಚೀಟಿ ಮಾಡುತ್ತಿದ್ದೇವೆ. ಕೆಲವು ಕಡೆ ಪದ ಸಿಗದೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲು ಹೆಸರು. ಜೆಟ್ ಸ್ಕೀ ಅನ್ನುವುದು ಕವಾಸಾಕಿಯವರ ಬ್ರ್ಯಾಂಡು, ಯಮಹಾದವರು ತಮ್ಮದನ್ನು ವೇವ್‌ರನ್ನರ್ ಅನ್ನುತ್ತಾರೆ. ಜನರ ಬಾಯಲ್ಲಿ ಎಲ್ಲವೂ ವಾಟರ್ ಸ್ಕೂಟರ್. ಕೇಳಲು ಚೆನ್ನಾಗಿದೆ, ಆದರೆ ನನ್ನ ತಕರಾರು ಇರುವುದು ಅಲ್ಲೇ. ಸ್ಕೂಟರ್ ಅಂದ ಕೂಡಲೇ ಕೈ ಹಳೇ ಅಭ್ಯಾಸಕ್ಕೆ ಹೋಗುತ್ತದೆ. ಇದರ ಬಲಗಡೆ ಹ್ಯಾಂಡಲಿನಲ್ಲಿ ಒಂದು ಲಿವರ್ ಇದೆ, ನೋಡಲು ಥೇಟ್ ಬ್ರೇಕು. ಹಿಡಿದು ಒತ್ತಿದರೆ ಗಾಡಿ ನಿಲ್ಲುವುದಿಲ್ಲ, ಇನ್ನೂ ಜೋರಾಗಿ ಓಡುತ್ತದೆ! ಗಾಬರಿಯಾದವನು ಮೊದಲು ಒತ್ತುವುದು ಅದನ್ನೇ ಅಲ್ವಾ?

ಹಾಗಂತ ಪೂರ್ತಿ ಬಿಟ್ಟರೂ ಕಷ್ಟ. ಇದಕ್ಕೆ ದೋಣಿಯಂತೆ ನೀರಲ್ಲಿ ಇಳಿಬಿಟ್ಟ ಚುಕ್ಕಾಣಿ ಇಲ್ಲ. ಇಂಜಿನ್ನು ಅಡಿಯಿಂದ ನೀರೆಳೆದು ಹಿಂದಿನ ಮೂತಿಯಿಂದ ಚಿಮ್ಮಿಸುತ್ತದೆ, ಹ್ಯಾಂಡಲ್ ತಿರುಗಿಸಿದರೆ ಆ ಮೂತಿ ತಿರುಗುತ್ತದೆ, ಅಷ್ಟೇ. ಲಿವರ್ ಬಿಟ್ಟರೆ ಚಿಮ್ಮುವ ನೀರು ನಿಲ್ಲುತ್ತದೆ, ಆಮೇಲೆ ಎಷ್ಟು ತಿರುಗಿಸಿದರೂ ಗಾಡಿ ಮುಖ ಮಾಡಿದ ಕಡೆಗೇ ಜಾರಿಕೊಂಡು ಹೋಗುತ್ತದೆ. ಹೊಸ ಮಾದರಿಗಳಲ್ಲಿ ಕೆಲವಕ್ಕೆ ಬ್ರೇಕ್ ಬಂದಿದೆ, ಎಲ್ಲದಕ್ಕೂ ಇಲ್ಲ. ನಾನು ಬರೆದದ್ದು: ‘ರೇಸ್ ಬಿಟ್ಟರೆ ಹ್ಯಾಂಡಲ್ ಕೇಳಲ್ಲ.’ ಆಡುಮಾತು ಜಾಸ್ತಿಯಾಯಿತೇ? ಜೊತೆಯವರೊಬ್ಬರು ‘ವೇಗವರ್ಧಕವನ್ನು ಸಡಿಲಿಸಿದಾಗ ದಿಕ್ಕಿನ ನಿಯಂತ್ರಣ ತಪ್ಪುತ್ತದೆ’ ಅಂತ ತಿದ್ದಿದ್ದಾರೆ. ಲೈಫ್ ಜಾಕೆಟ್ಟಿನ ಬಕಲ್ ಹಾಕಿಕೊಳ್ಳುತ್ತಾ ಇದನ್ನು ಓದುವವರು ಯಾರು?

ಎರಡನೆಯದು, ಮಣಿಕಟ್ಟಿಗೋ ಜಾಕೆಟ್ಟಿಗೋ ಸಿಕ್ಕಿಸುವ ಸುರುಳಿ ದಾರ. ಇನ್ನೊಂದು ತುದಿ ಇಂಜಿನ್ ಸ್ವಿಚ್ಚಿನಲ್ಲಿರುತ್ತದೆ. ಓಡಿಸುವವನು ನೀರಿಗೆ ಬಿದ್ದರೆ ದಾರ ಕಿತ್ತುಬಂದು ಇಂಜಿನ್ ಬಂದ್. ‘ಸುರಕ್ಷತಾ ದಾರ’ ಅಂದರೆ ಹಿಡಿದುಕೊಳ್ಳಲು ಕೊಟ್ಟ ಹಗ್ಗ ಅಂದುಕೊಳ್ಳುತ್ತಾರೆ. ‘ಬಂದ್ ದಾರ’ ಹೇಗೆ?

ಮೂರನೆಯದಕ್ಕೆ ಪದ ಇದೆ, ಭಯ ಬೇರೆ. ಎದುರಿಗೆ ಇನ್ನೊಂದು ಗಾಡಿ ನೇರ ಬಂದರೆ ಇಬ್ಬರೂ ತಮ್ಮ ತಮ್ಮ ಬಲಕ್ಕೆ ಸರಿಯಬೇಕು, ಇದು ಕಡಲಿನ ನಿಯಮ. ನಾವೋ ಹುಟ್ಟಿದಾಗಿನಿಂದ ರಸ್ತೆಯಲ್ಲಿ ಎಡಕ್ಕೆ ಸರಿದವರು. ಸುಮ್ನೆ ‘ಬಲಕ್ಕೆ ಸರಿಯಿರಿ’ ಅಂತ ಬರೆದರೆ ತಲೆಗೆ ಹೋಗಲ್ಲ. ‘ರಸ್ತೆಯ ಹಾಗಲ್ಲ, ಇಲ್ಲಿ ಬಲಕ್ಕೆ’ ಅಂತ ಸೇರಿಸಿದ್ದೇನೆ.

ಇನ್ನು ‘ಮಗುಚು’. ಗಾಡಿ ಮಗುಚಿತು ಅಂದರೆ ತಲೆಕೆಳಗಾಯಿತು. ಅದನ್ನು ನೆಟ್ಟಗೆ ಮಾಡುವುದಕ್ಕೂ ದೋಸೆಯ ಹಾಗೆ ಮಗುಚಿ ಹಾಕಿ ಅನ್ನುತ್ತೇವೆ. ಯಾವ ಕಡೆಗೆ ತಿರುಗಿಸಬೇಕು ಅಂತ ಹಿಂಭಾಗದ ಸ್ಟಿಕ್ಕರಿನಲ್ಲಿ ಬಾಣ ಇರುತ್ತದೆ, ಉಲ್ಟಾ ತಿರುಗಿಸಿದರೆ ಇಂಜಿನ್ನಿಗೆ ನೀರು ಹೋಗಬಹುದು. ಹಾಗಾಗಿ ಬಿದ್ದಾಗ ‘ಪಲ್ಟಿ’, ಎತ್ತುವಾಗ ‘ಮಗುಚಿ’ ಅಂತ ಬೇರೆ ಮಾಡಿದ್ದೇನೆ. ಕರಾವಳಿಯವರಿಗೆ ಇದು ಸರಿ ಕೇಳಿಸುತ್ತದೆಯೇ?

ಕಡೆಯದಾಗಿ, ದೋಣಿ ಹೋದ ಮೇಲೆ ಅದರ ಹಿಂದೆ ಎರಡೂ ಬದಿಗೆ ಹರಡಿಕೊಂಡು ಬರುವ ಅಲೆ. ಹುಡುಗರಿಗೆ ಅದರ ಮೇಲೆ ಹಾರಿಸುವ ಹುಚ್ಚು, ಹಿಂದೆ ಕೂತವರು ಬೀಳುವುದು ಆಗಲೇ. ಹಿಂದಕ್ಕೆ ಬಿದ್ದರೆ ಗಾಡಿಯ ಮೂತಿಯಿಂದ ಚಿಮ್ಮುವ ನೀರಿನ ಹೊಡೆತದಿಂದ ಒಳಗಾಯವೂ ಆಗಬಹುದು. ‘ದೋಣಿಯ ಹಿಂದಲೆ’ ಅಂತ ನಾನೇ ಕಟ್ಟಿದ್ದೇನೆ. ಮಲ್ಪೆ, ಕಾರವಾರದ ಮೀನುಗಾರರ ಬಾಯಲ್ಲಿ ಖಂಡಿತ ಏನಾದರೂ ಇರಬೇಕು, ಬಲ್ಲವರು ತಿಳಿಸಿ. ಮಳೆಗಾಲಕ್ಕೆ ಇಲ್ಲಿ ಇದೆಲ್ಲ ಬಂದ್, ಮತ್ತೆ ಶುರುವಾಗುವುದರೊಳಗೆ ಚೀಟಿ ಅಚ್ಚಿಗೆ ಹೋಗಬೇಕು.